“ಅಜ್ಜಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಏನು ಕುಡೀತೀರಿ?”: ಮನೆಮದ್ದಿನ ಬಗ್ಗೆ ನರ್ಸ್ ಕೇಳಬೇಕಾದ ರೀತಿ

“ಬೇರೆ ಔಷಧಿ ಏನಾದ್ರೂ ತಗೊಳ್ತೀರಾ?” ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ “ಇಲ್ಲ ಸಿಸ್ಟರ್”. ಅದು ಸುಳ್ಳಲ್ಲ. ಅಮೃತಬಳ್ಳಿ ಕಷಾಯ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಕೇಳಿ: “ಶುಗರ್‌ಗೆ ಅಂತ ಹಾಗಲಕಾಯಿ ರಸ ಕುಡೀತೀರಾ ಅಜ್ಜಿ?” ರೌಂಡ್ಸ್ ನಡೆಯುವಾಗ ಬೇಡ, ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ. ಬಿ.ಪಿ. ಪಟ್ಟಿ ಕಟ್ಟಿರುವಾಗಲೂ ಬೇಡ, ಮಾತಾಡಿದರೆ ರೀಡಿಂಗ್ ಏರುತ್ತದೆ. ಪಟ್ಟಿ ಬಿಚ್ಚಿ, ಪಕ್ಕದಲ್ಲಿ ಕೂತು ಕೇಳಿ.

ಹೌದು ಎಂದಾಗ ಹುಬ್ಬುಗಂಟು ಹಾಕಿದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಎಲೆಯೋ ಬೇರೋ, ಎಷ್ಟು, ಎಂದಿನಿಂದ, ಕೊನೆಗೆ ಕುಡಿದದ್ದು ಯಾವಾಗ, ಕೊಟ್ಟವರು ಯಾರು ಎಂದು ವಿಚಾರಿಸಿ. “ಒಂದು ಲೋಟ” ಎಂದರೆ ಲೋಟ ತೋರಿಸಲು ಹೇಳಿ. ಕಾಫಿ ಲೋಟವೇ ಬೇರೆ, ನೀರಿನ ಲೋಟವೇ ಬೇರೆ. ಪುಡಿಯಾದರೆ ಪೊಟ್ಟಣವನ್ನೇ ತರಿಸಿ.

ಹೆಚ್ಚು ಕಾಣುವ ಅಪಾಯ ಶುಗರ್ ಇಳಿಯುವುದು. ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ಅಥವಾ ಇನ್ಸುಲಿನ್ ಜೊತೆಗೆ ಹಾಗಲರಸವೂ ಸೇರಿದರೆ ಅದು 70 mg/dLಗಿಂತ ಕೆಳಗೆ ಹೋಗಬಹುದು. ಬೆವರು, ನಡುಕ ಕಂಡರೆ ಗ್ಲುಕೋಮೀಟರಿನಲ್ಲಿ ನೋಡಿ; ಕಡಿಮೆಯಿದ್ದರೆ 15 ಗ್ರಾಂ (ಮೂರು ಟೀ ಚಮಚ) ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ.

ಜ್ಯೇಷ್ಠಮಧು ದಿನವೂ ತಿಂದರೆ ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಮಾತ್ರೆ ಡಿಗಾಕ್ಸಿನ್ ನುಂಗುವವರಿಗೆ ಇದು ದೊಡ್ಡ ಅಪಾಯ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಕಣ್ಣು ಹಳದಿಯೇ ನೋಡಿ. ಕೀಲುನೋವಿನ ಹೆಸರಿಲ್ಲದ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ಮುಖ ಊದಿದ್ದರೆ ಅನುಮಾನಿಸಿ. ಆದರೆ ಥಟ್ಟನೆ ನಿಲ್ಲಿಸಿ ಎನ್ನಬೇಡಿ, ಬಿ.ಪಿ. ಕುಸಿದೀತು, ಮೊದಲು ಡಾಕ್ಟರಿಗೆ ತಿಳಿಸಿ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮುಂಚೆಯೇ ಮನೆಮದ್ದಿನ ವಿಷಯ ಅರಿವಳಿಕೆ ತಜ್ಞರಿಗೆ ಮುಟ್ಟಬೇಕು.

ಹೇಳುವಾಗ: “ನಿಮ್ಮ ರಸ ಕೆಟ್ಟದ್ದು ಅಂತಲ್ಲ ಅಜ್ಜಿ, ಮಾತ್ರೆಯೂ ಅದೂ ಸೇರಿದ್ರೆ ಶುಗರ್ ಜಾಸ್ತಿ ಇಳಿಯುತ್ತೆ. ಡಾಕ್ಟರು ನೋಡೋವರೆಗೆ ರಸ ಬೇಡ, ಮಾತ್ರೆ ಮಾತ್ರ ಬಿಡ್ಬೇಡಿ.” ಆಮೇಲೆ, “ಮನೇಲಿ ಸೊಸೆಗೆ ಏನಂತ ಹೇಳ್ತೀರಿ?” ಎಂದು ಅವರ ಬಾಯಲ್ಲೇ ಹೇಳಿಸಿ. ಕಷಾಯ ಕಾಸುವವರು ಸೊಸೆಯೇ ಆಗಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಕೇಸ್ ಶೀಟಿನಲ್ಲಿ “ನಾಟಿ ಔಷಧಿ ಇದೆ” ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. “ಹಾಗಲರಸ, ಸುಮಾರು 100 ಮಿ.ಲೀ., ಬೆಳಿಗ್ಗೆ 6ಕ್ಕೆ, 2 ತಿಂಗಳಿಂದ” ಎಂದು ಬರೆಯಿರಿ. ಅಡ್ಡಪರಿಣಾಮದ ಅನುಮಾನ ಬಂದರೆ ಭಾರತೀಯ ಫಾರ್ಮಕೋವಿಜಿಲೆನ್ಸ್ (ಔಷಧಿಗಳ ಅಡ್ಡಪರಿಣಾಮದ ಮೇಲೆ ನಿಗಾ) ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಬಹುದು.