ಇಪ್ಪತ್ತೆಂಟೂವರೆ ಮಿಲಿಮೀಟರಿನ ಸಮುದ್ರ

ಡಯಲ್ ಮೇಲೆ ಚಿತ್ರ ಅಂಟಿಸಿ ನಾನೇ ಜೋಡಿಸಿದ ಕೈಗಡಿಯಾರ ನೋಡಿದವರು ಮೊದಲು ಕೇಳುವುದು ‘ಪ್ರಿಂಟ್ ಎಲ್ಲಿ ಹಾಕಿಸ್ತೀರಿ?’ ಅಂತ. ಅದು ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಡಯಲ್ ನಡುವಿನ ತೂತು ಚಿತ್ರದ ಯಾವ ಜಾಗಕ್ಕೆ ಬೀಳುತ್ತದೆ ಎಂಬುದು. ಮುಳ್ಳುಗಳು ಹೊರಡುವುದೇ ಅಲ್ಲಿಂದ. ಅಲ್ಲೊಂದು ಮುಖವೋ ದೋಣಿಯೋ ಇದ್ದರೆ ಚಿತ್ರ ಕೆಟ್ಟಿತು ಅಂತಲೇ ಲೆಕ್ಕ.

ಜಪಾನಿನ ಕಲಾವಿದ ಹೊಕುಸಾಯ್ 1831ರ ಸುಮಾರಿಗೆ ಮಾಡಿದ ‘ಕನಗಾವಾದ ಮಹಾ ಅಲೆ’ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಮರದಚ್ಚಿನ ಆ ಮುದ್ರಣ ಸುಮಾರು 25 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ಎತ್ತರದಷ್ಟೇ ವ್ಯಾಸದ ವೃತ್ತ ಎಳೆದರೆ ಅಗಲದಲ್ಲಿ ಮೂರನೇ ಒಂದು ಪಾಲು ಹೋಗುತ್ತದೆ. ವೃತ್ತವನ್ನು ನಡುವಿನಿಂದ ಚೂರು ಎಡಕ್ಕೆ ಸರಿಸಿದರೆ ಅಲೆಯ ಉಗುರಿನಂಥ ನೊರೆತುದಿಗಳೂ ಫ್ಯೂಜಿ ಪರ್ವತವೂ ಉಳಿಯುತ್ತವೆ. ಎಡಗಡೆ ಮೇಲಿನ ಸಹಿ ಹೋಗುತ್ತದೆ, ಹೋಗಲಿ. ತೂತು ಬೀಳುವುದು ಅಲೆಯ ಬಾಗಿನ ಕೆಳಗಿರುವ ಖಾಲಿ ಆಕಾಶಕ್ಕೆ. ಫ್ಯೂಜಿ ಕೂರುವುದು ನಾಲ್ಕು ಗಂಟೆಯ ಕಡೆಗೆ. ಹಾಗಾಗಿ ಸಂಜೆ ನಾಲ್ಕರ ಹೊತ್ತಿಗೆ ಗಂಟೆ ಮುಳ್ಳು ಪರ್ವತವನ್ನೇ ಮುಚ್ಚಿಬಿಡುತ್ತದೆ. ನನಗಂತೂ ಅದು ಇಷ್ಟ.

ಗಡಿಯಾರದ ಒಳಗಿನ ಮಶೀನು ಜಪಾನಿನ ಸೀಕೋ ಕಂಪನಿಯವರ ಎನ್‌ಎಚ್ ಸರಣಿಯದು. ಗಂಟೆಗೆ 21,600 ಬಡಿತ, ಪೂರ್ತಿ ಕೀಲಿಗೆ ಸುಮಾರು 41 ಗಂಟೆ ಓಟ, ಬಿಡಿಭಾಗಕ್ಕೆ ಬರವಿಲ್ಲ. ಎನ್‌ಎಚ್ 35ರಲ್ಲಿ ತಾರೀಖು ಇದೆ, 38ರಲ್ಲಿ ಇಲ್ಲ. ಚಿತ್ರಕ್ಕೆ ಚೌಕ ಕಿಟಕಿ ಕೊರೆಯುವುದಕ್ಕಿಂತ ತಾರೀಖು ಬಿಡುವುದೇ ವಾಸಿ ಅಂತ ನಾನು 38 ಹಿಡಿದೆ. ಅಂಕಿಗಳನ್ನೂ ಕೈಬಿಟ್ಟೆ. ಕೇಸಿನ ಒಳಸುತ್ತಿನ ಉಂಗುರದಲ್ಲಿ ನಿಮಿಷದ ಗೆರೆಗಳಿದ್ದರೆ ಸಾಕು.

ಈ ಮಶೀನಿಗೆ ಕೂರುವ ಡಯಲ್‌ನ ವ್ಯಾಸ 28.5 ಮಿ.ಮೀ. ಅಂದರೆ ಮೂಲ ಚಿತ್ರ ಒಂಬತ್ತು ಪಟ್ಟು ಕುಗ್ಗಬೇಕು. ಅರ್ಧ ಮಿಲಿಮೀಟರಿನ ಗೆರೆ ಇಲ್ಲಿ 0.055ಕ್ಕೆ ಇಳಿಯುತ್ತದೆ. ಇಂಚಿಗೆ 300 ಚುಕ್ಕಿಯ ಪ್ರಿಂಟಿನಲ್ಲಿ ಇಡೀ ಡಯಲ್‌ಗೆ ಅಡ್ಡಲಾಗಿ ಸಿಗುವುದು 337 ಚುಕ್ಕಿ ಮಾತ್ರ, ದೋಣಿಯ ಜನ ಕಾಣುವುದೇ ಇಲ್ಲ. 1200 ಬೇಕೇ ಬೇಕು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಈ ಅಲೆಯ ದೊಡ್ಡ ಗಾತ್ರದ ಚಿತ್ರವನ್ನು ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಕೊಡುತ್ತದೆ. ನೀರಿನಲ್ಲಿ ಜಾರಿಸಿ ಅಂಟಿಸುವ ಡೆಕಾಲ್ ಹಾಳೆಗೆ ಲೇಸರ್ ಪ್ರಿಂಟ್ ಹಾಕಿಸುತ್ತೇನೆ. ಮಾಮೂಲಿ ಲೇಸರ್ ಪ್ರಿಂಟರಿನಲ್ಲಿ ಬಿಳಿ ಬಣ್ಣ ಇರುವುದಿಲ್ಲ. ಆದ್ದರಿಂದ ಹಿತ್ತಾಳೆ ಡಯಲ್‌ಗೆ ಮೊದಲು ಬಿಳಿ ಸ್ಪ್ರೇ. ಅಲೆಯ ನೊರೆಯಾಗಿ ಕಾಣುವುದು ಆ ಸ್ಪ್ರೇ ಬಣ್ಣವೇ.

ನೀಲಿಯದು ಬೇರೆ ಗೋಳು. ಹೊಕುಸಾಯ್ ಬಳಸಿದ್ದು ಪ್ರಷ್ಯನ್ ನೀಲಿ, ಪ್ರಿಂಟರಿನಲ್ಲಿ ಅದು ನೇರಳೆಗೆ ತಿರುಗುತ್ತದೆ. ಮೆಜೆಂಟಾ, ಅಂದರೆ ಪ್ರಿಂಟರಿನ ಗುಲಾಬಿಗೆಂಪು, ಇಳಿಸುತ್ತಾ ಒಂದೇ ಹಾಳೆಯಲ್ಲಿ ಸಾಲಾಗಿ ಚಿಕ್ಕ ಅಲೆಗಳನ್ನು ಪ್ರಿಂಟ್ ಹಾಕಿಸಿ, ಬಿಸಿಲಿಗೆ ಹಿಡಿದು ನೋಡಿ ಒಂದನ್ನು ಆಯ್ದುಕೊಳ್ಳುತ್ತೇನೆ. ಬಳ್ಳಾರಿಯಲ್ಲಿ ಇದಕ್ಕೊಂದು ಅನುಕೂಲ: ಜೀನ್ಸ್ ಘಟಕಗಳ ಕೆಲಸ ಹಿಡಿಯುವ ಪ್ರಿಂಟಿಂಗ್ ಅಂಗಡಿಯ ಹುಡುಗನಿಗೆ ‘ಇದಲ್ಲ, ಇನ್ನೊಂದು ನೀಲಿ’ ಅಂದರೆ ಬಿಡಿಸಿ ಹೇಳಬೇಕಿಲ್ಲ.

ಡೆಕಾಲ್ ನೆನೆಸಲು ನಮ್ಮ ಬೋರ್‌ವೆಲ್ ನೀರು ನಡೆಯದು. ಒಣಗಿದ ಮೇಲೆ ಚಿತ್ರದ ಅಡಿಯಲ್ಲಿ ಉಪ್ಪು ಬಿಳಿಚುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಳ್ಳೆಯದು. ಡೆಕಾಲ್ ಜಾರಿಸಿ ಕೂರಿಸಿದ ಮೇಲೆ ನಡುವಿನಿಂದ ಅಂಚಿಗೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಗುಳ್ಳೆ ತೆಗೆಯಬೇಕು. ರಾತ್ರಿಯಿಡೀ ಒಣಗಿಸಿ, ವಾರ್ನಿಶ್ ಹೊಡೆದು, ಆಮೇಲೆ ಡೆಕಾಲ್ ಮುಚ್ಚಿದ ನಡುವಿನ ತೂತು ಬಿಡಿಸಬೇಕು. ಇನ್ನು ಧೂಳು! ಗಾಜು ಮುಚ್ಚಿದ ಮೇಲೆ ಒಳಗೊಂದು ಕೆಂಪು ಕಣ ಕಂಡರೆ ಮತ್ತೆ ಬಿಚ್ಚುವುದೇ ಗತಿ. ನೆಲ ಒರೆಸಿ, ಕಿಟಕಿ ಹಾಕಿ, ಫ್ಯಾನ್ ಆರಿಸಿ ಕೂರಬೇಕು. ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಫ್ಯಾನ್ ಇಲ್ಲದೆ ಕೂತರೆ ಹಣೆಯ ಬೆವರು ಡಯಲ್ ಮೇಲೇ. ಹಾಗಾಗಿ ಈ ಕೆಲಸಕ್ಕೆ ಕೈ ಹಾಕುವುದು ಮಳೆ ಬಿದ್ದ ಮರುದಿನ, ಬೆಳ್ಳಂಬೆಳಗ್ಗೆ.

ಮುಳ್ಳು ಕೀಳುವುದನ್ನು ಕಲಿಸಿದವರು ಬಳ್ಳಾರಿಯದೇ ಬ್ರೂಸ್‌ಪೇಟೆಯ ಹಳೆಯ ಗಡಿಯಾರ ರಿಪೇರಿಯವರು: ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಸಿ, ಎರಡೂ ಕಡೆಯಿಂದ ಸಮ ಎತ್ತು. ಅಲೆ ನೋಡಿ ನಕ್ಕರು. ‘ಏನಪಾ, ಇದರಾಗ ಟೈಮ್ ನೋಡ್ಬೇಕೋ, ಸಮುದ್ರ ನೋಡ್ಬೇಕೋ? ಇರ್ಲಿ ಬಿಡು, ನಮ್ಮ ಎಚ್‌ಎಂಟಿನೂ ಜಪಾನಿನೋರ ಕೈ ಹಿಡ್ಕೊಂಡೇ ನಡಿಯಾಕ ಕಲ್ತದ್ದು’ ಅಂದರು. ನಿಜ, 1961ರಲ್ಲಿ ಎಚ್‌ಎಂಟಿಯ ಬೆಂಗಳೂರಿನ ಗಡಿಯಾರ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ.

ಟೈಮ್ ಕಾಣಬೇಕು ಅನ್ನುವ ಅವರ ಮಾತು ಮಾತ್ರ ಸರಿ. ಬಿಳಿ ಮುಳ್ಳು ನೊರೆಯಲ್ಲಿ ಕರಗುತ್ತದೆ, ನೀಲಿ ಮುಳ್ಳು ಅಲೆಯಲ್ಲಿ. ಕಪ್ಪು ಅಂಚು, ಒಳಗೆ ಬಿಳಿ ಇರುವ ಮುಳ್ಳು ಎರಡರ ಮೇಲೂ ಎದ್ದು ಕಾಣುತ್ತದೆ.

ಹೊಸಬರು ಅಲೆಯಿಂದ ಶುರು ಮಾಡಬೇಡಿ. ಹೊಕುಸಾಯ್‌ನದೇ ‘ಕೆಂಪು ಫ್ಯೂಜಿ’ ಚಿತ್ರ ಇದೆ; ದೊಡ್ಡ ದೊಡ್ಡ ಬಣ್ಣದ ಜಾಗ, ಸಣ್ಣ ಗೆರೆಯ ಕಾಟ ಕಡಿಮೆ. ಹಿರೋಶಿಗೆ ಎಂಬ ಇನ್ನೊಬ್ಬ ಜಪಾನಿ ಕಲಾವಿದ 1857ರಲ್ಲಿ ಮಾಡಿದ ಸೇತುವೆಯ ಮೇಲಿನ ಮಳೆಯ ಚಿತ್ರಕ್ಕೆ ನನಗೂ ಆಸೆ. ಆದರೆ ಆ ಮಳೆಗೆರೆಗಳು ಈ ಅಳತೆಯಲ್ಲಿ ಬರೀ ಬೂದು ಮಂಜಾಗುತ್ತವೆ. ಸೇತುವೆಯ ಒಂದು ತುಂಡನ್ನಷ್ಟೇ ಹಿಗ್ಗಿಸಿ ತೆಗೆದುಕೊಂಡರೆ ಉಂಟು.

ಡಯಲ್ ಮೇಲೆ ಯಾವ ಕಂಪನಿಯ ಹೆಸರನ್ನೂ ಅಚ್ಚು ಹಾಕುವುದಿಲ್ಲ, ಕೇಳಿದವರಿಗೂ ಇಲ್ಲ ಅಂದಿದ್ದೇನೆ. ಹಿಂಬದಿ ಮುಚ್ಚುವ ಮೊದಲು ನೀರು ತಡೆಯುವ ರಬ್ಬರ್ ಉಂಗುರಕ್ಕೆ, ಅಂದರೆ ಗ್ಯಾಸ್ಕೆಟ್‌ಗೆ, ಸಿಲಿಕೋನ್ ಗ್ರೀಸ್ ಸವರುತ್ತೇನೆ. ಆದರೂ ನೀರಿನ ಒತ್ತಡ ಪರೀಕ್ಷಿಸುವ ಯಂತ್ರ ನನ್ನಲ್ಲಿಲ್ಲ. ತುಂಗಭದ್ರೆಗೆ ಇಳಿಯುವ ಮುಂಚೆ ಬಿಚ್ಚಿಡಿ ಅಂತ ಹೇಳಿಯೇ ಕೊಡುತ್ತೇನೆ.