ಕರುಳಿನ ಕಾವಲುಗಾರರಿಗೆ ಊಟ ಹಾಕುವುದು ಹೇಗೆ?

ಇಮ್ಯುನಿಟಿ ಪುಡಿ, ಇಮ್ಯುನಿಟಿ ಕಷಾಯ ಅಂತ ದುಡ್ಡು ಸುರಿಯುವ ಮೊದಲು ಒಮ್ಮೆ ನಿಮ್ಮ ಕರುಳಿನ ಒಳಗೋಡೆಯ ಬಗ್ಗೆ ತಿಳಿದುಕೊಳ್ಳಿ. ಸೋಂಕಿನ ವಿರುದ್ಧ ಹೋರಾಡುವ ಕೋಶಗಳು ಅಲ್ಲಿ ಕೋಟಿಗಟ್ಟಲೆ ಇವೆ. ಅವುಗಳಿಗೆ ಮನೆ ಕೊಟ್ಟು ಸಾಕುವುದು ಆ ಗೋಡೆಯೇ. ಗೋಡೆ ಸೊರಗಿದರೆ ಅವೂ ಸೊರಗುತ್ತವೆ.

ಮೊದಲು ಗೋಡೆಯ ಪರಿಚಯ ಮಾಡಿಕೊಳ್ಳಿ

ನಾವು ತಿಂದ ಅನ್ನಕ್ಕೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಕೋಶ, ತಲೆಕೂದಲಿಗಿಂತ ತೆಳು. ಜೀರ್ಣಾಂಗದ ಒಳಮೈಯನ್ನು ಪೂರ್ತಿ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ, ಅಂದರೆ ಒಂದು ದೊಡ್ಡ ಹಾಲ್‌ನಷ್ಟು. ಈ ಕೋಶಗಳಿಗೆ ಆಯಸ್ಸು ಕಡಿಮೆ. 3ರಿಂದ 5 ದಿನಕ್ಕೆ ಹಳೆಯವು ಉದುರಿ ಹೊಸವು ಬರುತ್ತವೆ. ಹಾಗಾಗಿ ಈ ವಾರ ನೀವು ತಿನ್ನುವುದರ ಗುಣವೂ ದೋಷವೂ ಅಲ್ಲಿಗೆ ಬೇಗ ಮುಟ್ಟುತ್ತದೆ.

ಸಣ್ಣಕರುಳಿನಲ್ಲಿ ಗೋಡೆಯ ಕೋಶಗಳ ಸಂದಿಯಲ್ಲೇ ಟಿ ಕೋಶಗಳು ಎಂಬ ಕಾವಲು ಕೋಶಗಳು ಕೂತಿರುತ್ತವೆ, ಹತ್ತಕ್ಕೆ ಒಂದರಂತೆ ಅಂದುಕೊಳ್ಳಿ. ಇವು ಬದುಕಿ ಉಳಿಯಲು ಒಂದು ರಾಸಾಯನಿಕ ಸಂದೇಶ ಬೇಕು. ಅದರ ಹೆಸರು ಇಂಟರ್‌ಲ್ಯೂಕಿನ್-15. ಅದನ್ನು ತಯಾರಿಸಿ ಕೊಡುವುದು ಪಕ್ಕದಲ್ಲೇ ಇರುವ ಗೋಡೆಯ ಕೋಶ. ಗೋಡೆಯ ಹಿಂದೆ ಇನ್ನೊಂದು ಗುಂಪು ಕೋಶಗಳು ಐಜಿಎ ಎಂಬ ಪ್ರತಿಕಾಯ, ಅಂದರೆ ಕ್ರಿಮಿಗಳಿಗೆ ಅಂಟಿಕೊಂಡು ತಡೆಯುವ ಪ್ರೋಟೀನ್, ಮಾಡುತ್ತವೆ. ಅದು ತಾನಾಗಿ ಕರುಳಿನೊಳಗೆ ಬರಲಾರದು. ಗೋಡೆಯ ಕೋಶವೇ ಅದನ್ನು ಹಿಂಬದಿಯಿಂದ ತೆಗೆದುಕೊಂಡು, ತನ್ನ ಮೈಯೊಳಗಿಂದ ದಾಟಿಸಿ, ಮುಂಬದಿಗೆ ಬಿಡುತ್ತದೆ. ದಿನಕ್ಕೆ ಕೆಲವು ಗ್ರಾಂ ಐಜಿಎ ಹೀಗೆ ಹೊರಬರುತ್ತದೆ. ಬೇರೆ ಕೋಶಗಳು ಲೋಳೆ ಸುರಿಸುತ್ತವೆ, ಇನ್ನು ಕೆಲವು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನ್ ಉಗುಳುತ್ತವೆ.

ಈ ಗೋಡೆಯಲ್ಲಿ ಕಿಟಕಿಗಳೂ ಇವೆ. ಸ್ವಿಸ್ ವೈದ್ಯ ಪೇಯರ್ 1677ರಲ್ಲಿ ವಿವರಿಸಿದ ಉಬ್ಬು ತೇಪೆಗಳ ಮೇಲೆ ಎಂ ಕೋಶಗಳಿವೆ. ಕರುಳಿನಲ್ಲಿ ಹಾದುಹೋಗುವ ಕ್ರಿಮಿಗಳ ಸ್ಯಾಂಪಲ್ ತೆಗೆದು ಅವು ಒಳಗಿನ ಕಾವಲು ಕೋಶಗಳಿಗೆ ತೋರಿಸುತ್ತವೆ. ಬೇಸರದ ಸಂಗತಿ ಅಂದರೆ, ಟೈಫಾಯ್ಡ್ ಬ್ಯಾಕ್ಟೀರಿಯಾ ಒಳನುಗ್ಗುವುದೂ ಇದೇ ಕಿಟಕಿಯಿಂದ. ಟೈಫಾಯ್ಡ್‌ನಲ್ಲಿ ಹುಣ್ಣಾಗುವುದು, ಚಿಕಿತ್ಸೆ ತಡವಾದರೆ ಕರುಳು ತೂತಾಗುವುದು ಹೆಚ್ಚಾಗಿ ಈ ತೇಪೆಗಳಿರುವ ಜಾಗದಲ್ಲೇ. ಅದಕ್ಕೇ ನೀರು ಕುದಿಸಿ ಕುಡಿಯಿರಿ ಅಂತ ಮತ್ತೆ ಮತ್ತೆ ಹೇಳುವುದು.

ಈಗ ಅಡುಗೆಮನೆಗೆ ಬನ್ನಿ

ನಾರಿನಿಂದ ಶುರು ಮಾಡಿ. ನಾರು ನಮಗೆ ಜೀರ್ಣವಾಗುವುದಿಲ್ಲ, ಆದರೆ ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡಕರುಳಿನ ಗೋಡೆಗೆ ಅದೇ ಮುಖ್ಯ ಊಟ. ಹುರುಳಿ, ಹೆಸರುಕಾಳು, ಅಲಸಂದೆ, ರಾಗಿ, ಸೊಪ್ಪು, ಬಾಳೆಕಾಯಿ ಪಲ್ಯ, ಇವೆಲ್ಲ ನಮ್ಮಲ್ಲಿ ಇರುವುದೇ ಅಲ್ವಾ? ಆದರೆ ಒಂದೇ ದಿನ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ.

ತಂಗಳನ್ನಕ್ಕೂ ಇಲ್ಲಿ ಜಾಗವಿದೆ. ಬೆಂದ ಅನ್ನ ತಣ್ಣಗಾದಾಗ ಅದರ ಪಿಷ್ಟದ ಒಂದಿಷ್ಟು ಭಾಗ ಜೀರ್ಣವಾಗದ ರೂಪಕ್ಕೆ ತಿರುಗಿ, ನಾರಿನ ಕೆಲಸ ಮಾಡುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಮರುದಿನ ಮಜ್ಜಿಗೆ, ಈರುಳ್ಳಿ ಹಾಕಿ ಕಲಸಿಕೊಳ್ಳಿ. ರಾತ್ರಿಯಿಡೀ ಕುಕ್ಕರಿನಲ್ಲೇ ಬಿಟ್ಟ ಅನ್ನ ಬೇಡ. ಅದರಲ್ಲಿ ವಾಂತಿ ತರಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಎಲೆಕೋಸು, ಹೂಕೋಸು, ನವಿಲುಕೋಸು ವಾರಕ್ಕೆ ಒಂದೆರಡು ಸಲ ಇರಲಿ. ಈ ಜಾತಿಯ ತರಕಾರಿಯಿಂದ ಬರುವ ಒಂದು ಅಂಶ ತಪ್ಪಿದಾಗ, ಗೋಡೆಯ ಸಂದಿಯಲ್ಲಿರುವ ಟಿ ಕೋಶಗಳೇ ಕಡಿಮೆಯಾಗುತ್ತವೆ ಎಂದು ಇಲಿಗಳಲ್ಲಿ ಕಂಡಿದ್ದಾರೆ. ಮನುಷ್ಯರಲ್ಲೂ ಅಷ್ಟೇ ಪರಿಣಾಮ ಅಂತ ಹೇಳಲಾಗದು, ಆದರೆ ತಿನ್ನಲು ಬೇರೆ ಕಾರಣಗಳೂ ಸಾಕಷ್ಟಿವೆ. ನುಗ್ಗೆಸೊಪ್ಪು, ಕ್ಯಾರೆಟ್, ಪಪಾಯದಲ್ಲಿ ವಿಟಮಿನ್ ಎ ಆಗಬಲ್ಲ ಅಂಶವಿದೆ. ಕಾವಲು ಕೋಶಗಳು ದಾರಿ ಹಿಡಿದು ಕರುಳಿಗೇ ಬಂದು ಸೇರಲು ಈ ವಿಟಮಿನ್ ಬೇಕು. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿ, ಆಗ ಅದು ಚೆನ್ನಾಗಿ ಮೈಗೆ ಹತ್ತುತ್ತದೆ.

ಇನ್ನು ಬಿಡಬೇಕಾದ್ದು. ನೆಗಡಿಗೆಲ್ಲ ಸುಮ್ನೆ ಆ್ಯಂಟಿಬಯೋಟಿಕ್ ನುಂಗಬೇಡಿ, ವೈರಸ್‌ಗೆ ಅದು ತಾಗುವುದೇ ಇಲ್ಲ, ಆದರೆ ಬ್ಯುಟಿರೇಟ್ ಮಾಡುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ನೋವಿನ ಮಾತ್ರೆಯೂ ವಾರಗಟ್ಟಲೆ ತಗೊಂಡರೆ ಕರುಳಿನ ಗೋಡೆಯನ್ನು ಕೆರೆಯುತ್ತದೆ.

ಮಗುವಿಗೆ ಭೇದಿಯಾದರೆ

ಒಂದು ಲೀಟರ್ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಅರ್ಧ ಪ್ಯಾಕೆಟ್, ಒಂದು ಲೋಟ ಅಂತ ಅಂದಾಜಿನಲ್ಲಿ ಕಲಸಬೇಡಿ, ಉಪ್ಪು ಜಾಸ್ತಿಯಾದರೆ ಅಪಾಯ. ಕಲಸಿದ್ದು 24 ಗಂಟೆ ಆದಮೇಲೆ ಚೆಲ್ಲಿಬಿಡಿ. ಎದೆಹಾಲು ನಿಲ್ಲಿಸಬೇಡಿ, ಅದರಲ್ಲಿ ತಾಯಿಯ ಐಜಿಎ ಸಿದ್ಧವಾಗಿ ಬರುತ್ತದೆ. ಮಲದಲ್ಲಿ ರಕ್ತ, ಒಳಗೆ ಹೋದ ಕಣ್ಣು, ಮೂತ್ರ ಕಡಿಮೆ, ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಜೊತೆಗೆ ಡಾಕ್ಟರ್ ಜಿಂಕ್ ಬರೆದುಕೊಡುತ್ತಾರೆ. ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡದಕ್ಕೆ 20, ಸಾಮಾನ್ಯವಾಗಿ 14 ದಿನ. ಮೂರನೇ ದಿನ ಭೇದಿ ನಿಂತಾಗ ತುಂಬಾ ಮನೆಗಳಲ್ಲಿ ಮಾತ್ರೆಯೂ ನಿಲ್ಲುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಭೇದಿ ನಿಂತರೂ ಒಳಗೆ ಗೋಡೆಯ ರಿಪೇರಿ ಇನ್ನೂ ನಡೆಯುತ್ತಿರುತ್ತದೆ, ಉಳಿದ ಮಾತ್ರೆಗಳು ಅದಕ್ಕೇ ಇರುವುದು.