ಟ್ರಾಫಿಕ್ ಎಕ್ಸ್‌ಚೇಂಜ್‌ನಿಂದ ನಾನು ಪಡೆದದ್ದು

ಟ್ರಾಫಿಕ್ ಎಕ್ಸ್‌ಚೇಂಜ್‌ನ ಲೆಕ್ಕ ಸರಳ. ನೀವು ಬೇರೆಯವರ ವೆಬ್‌ಸೈಟ್ ನೋಡಿದರೆ ಅವರು ನಿಮ್ಮದನ್ನು ನೋಡುತ್ತಾರೆ. ಪುಟ ತೆರೆಯುತ್ತದೆ, ಮೇಲಿನ ಪಟ್ಟಿಯಲ್ಲಿ ಟೈಮರ್ ಓಡುತ್ತದೆ. ಸಾಮಾನ್ಯವಾಗಿ 10ರಿಂದ 20 ಸೆಕೆಂಡ್. ಅದು ಮುಗಿದ ಮೇಲೆ ಒಂದೇ ಥರದ ಎರಡು ಚಿತ್ರ ಹುಡುಕಿ ಒತ್ತುವಂಥದ್ದು ಏನಾದರೂ ಇರುತ್ತದೆ, ನೋಡುತ್ತಿರುವುದು ಮನುಷ್ಯನೇ ಅಂತ ಖಾತ್ರಿಯಾಗಬೇಕಲ್ಲ. ಒತ್ತಿದರೆ ಕ್ರೆಡಿಟ್ ಸೇರುತ್ತದೆ. ಆ ಕ್ರೆಡಿಟ್ ಖರ್ಚಾದಂತೆ ನಿಮ್ಮ ಪುಟ ಬೇರೆ ಸದಸ್ಯರ ಪರದೆಗೆ ಹೋಗುತ್ತದೆ.

ಐಡಿಯಾ ಹಳೆಯದು. 1996ರಲ್ಲಿ ಶುರುವಾದ ಲಿಂಕ್‌ಎಕ್ಸ್‌ಚೇಂಜ್ ಇದನ್ನೇ ಬ್ಯಾನರ್‌ಗಳಲ್ಲಿ ಮಾಡುತ್ತಿತ್ತು. ನಿಮ್ಮ ಪುಟದಲ್ಲಿ ಬೇರೆಯವರ ಬ್ಯಾನರ್ ಎರಡು ಸಲ ಕಂಡರೆ ನಿಮ್ಮದು ಇನ್ನೆಲ್ಲೋ ಒಂದು ಸಲ ಕಾಣುತ್ತಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು 26.5 ಕೋಟಿ ಡಾಲರಿಗೆ ಕೊಂಡಿತು. ಪೂರ್ತಿ ಪುಟವನ್ನೇ ತೋರಿಸುವ ಈಗಿನ ಎಕ್ಸ್‌ಚೇಂಜ್‌ಗಳದ್ದೂ ಅದೇ ಜಾಡು. ಈಸಿಹಿಟ್ಸ್‌ಫೋರ್‌ಯು ಅನ್ನುವುದು 2003ರಿಂದ ನಡೆಯುತ್ತಿದೆ.

ಇಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಒಂದಿದೆ. ಇದು ಮಾರುವವರೇ ತುಂಬಿದ ಸಂತೆ. ಕೊಳ್ಳಲು ಬಂದವರು ಯಾರೂ ಇಲ್ಲ. ಆ ಕಡೆ ಕೂತವನ ಕಣ್ಣು ಟೈಮರ್ ಮೇಲಿದೆ. ಅವನಿಗೂ ಒಂದು ಸೈಟ್ ಇದೆ, ಅದಕ್ಕೆ ಜನ ಬೇಕು, ಅದಕ್ಕೇ ಸುಮ್ನೆ ಕ್ಲಿಕ್ ಮಾಡುತ್ತಿದ್ದಾನೆ. ನಾನು ಮಾಡಿದ್ದೆಲ್ಲ ಈ ಒಂದು ವಿಷಯದ ಮೇಲೆ ನಿಂತಿದೆ.

ನನ್ನ ಹತ್ತಿರ ಎರಡು ಸೈಟ್ ಇವೆ. ಒಂದು ಕನ್ನಡದ್ದು, ತೋಟ ಮತ್ತು ಕೃಷಿ ವಿಷಯದ್ದು. ಇನ್ನೊಂದು ಫೋಟೊಗಳ ಸೈಜ್ ಇಳಿಸುವ ಪುಟ್ಟ ಸಲಕರಣೆ. ಫೋಟೊ ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ, ಬ್ರೌಸರ್ ಒಳಗೇ ಕೆಲಸ ಮುಗಿಯುತ್ತದೆ, ವೆಬ್‌ಪಿ ಅನ್ನುವ ಹಗುರ ಚಿತ್ರದ ಫೈಲ್ ಆಗಿ ಹೊರಗೆ ಬರುತ್ತದೆ. ಕನ್ನಡದ ಸೈಟನ್ನು ನಾನು ಎಕ್ಸ್‌ಚೇಂಜ್‌ಗೆ ಹಾಕಲೇ ಇಲ್ಲ. ಬ್ರೆಜಿಲ್‌ನಲ್ಲೋ ವಿಯೆಟ್ನಾಂನಲ್ಲೋ ಕೂತವನಿಗೆ ಅಡಿಕೆ ಕೊಳೆ ರೋಗದ ಬರಹ ತೋರಿಸಿ ಏನು ಸಿಗುತ್ತದೆ? ಆದರೆ ಸೈಟ್ ಇದ್ದವನಿಗೆಲ್ಲ ಫೋಟೊ ಭಾರದ ತಲೆನೋವು ಇದ್ದೇ ಇದೆ. ಮೊಬೈಲಿನಲ್ಲಿ ತೆಗೆದ 4 ಎಂಬಿ ಫೋಟೊವನ್ನು ಹಾಗೇ ಪುಟಕ್ಕೆ ಹಾಕಿರುತ್ತಾನೆ, ಪುಟ ತೆವಳುತ್ತಿರುತ್ತದೆ. ಅವನಿಗೆ ಬೇಕಾದ ವಸ್ತು ನನ್ನ ಹತ್ತಿರ ಇತ್ತು.

ಸಲಕರಣೆಯ ಮುಖಪುಟವನ್ನೇ ನೇರವಾಗಿ ಕೊಡಲಿಲ್ಲ. ಎಕ್ಸ್‌ಚೇಂಜ್‌ಗೆಂದೇ ಬೇರೆ ಒಂದು ಪುಟ ಮಾಡಿದೆ. ಇಂಥದ್ದಕ್ಕೆ ಸ್ಪ್ಲಾಶ್ ಪೇಜ್ ಅನ್ನುತ್ತಾರೆ. ಒಂದೇ ಪರದೆ, ಸ್ಕ್ರಾಲ್ ಇಲ್ಲ. ದಪ್ಪಕ್ಷರದ ಒಂದು ಸಾಲು, ಕೆಳಗೆ ಒಂದೇ ಫೋಟೊದ ಎರಡು ರೂಪ, ಅದರಡಿ ಒಂದು ಬಟನ್. ಎಡಗಡೆಯ ಫೋಟೊ ಮೇಲೆ ಅದರ ಹಳೆಯ ಸೈಜು, ಬಲಗಡೆಯದರ ಮೇಲೆ ಹೊಸ ಸೈಜು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವಿವರಿಸುವ ಗೋಜೇ ಇಲ್ಲ, ನೋಡಿದ ಕೂಡಲೇ ವಿಷಯ ಗೊತ್ತಾಗುತ್ತದೆ. ಎಕ್ಸ್‌ಚೇಂಜ್‌ನ ಪಟ್ಟಿ ಮೇಲ್ಗಡೆಯ ಜಾಗ ತಿನ್ನುತ್ತದೆ, ಹಾಗಾಗಿ ಸಣ್ಣ ಲ್ಯಾಪ್‌ಟಾಪ್ ಪರದೆಯಲ್ಲೂ ಬಟನ್ ಕಾಣುವಂತೆ ಎಲ್ಲವನ್ನೂ ಮೇಲಕ್ಕೆ ಒತ್ತಿ ಇಟ್ಟೆ. ಬರೀ ಎಚ್‌ಟಿಎಂಎಲ್, ಹೊರಗಿನ ಫಾಂಟ್ ಇಲ್ಲ, ವಿಡಿಯೊ ಇಲ್ಲ, ಸದ್ದಂತೂ ಇಲ್ಲವೇ ಇಲ್ಲ. ಟೈಮರ್ ಓಡುತ್ತಿರುವಾಗ ಪುಟ ಇನ್ನೂ ಬಿಳಿಯಾಗೇ ಇದ್ದರೆ ಆ ಕ್ರೆಡಿಟ್ ನೀರಿಗೆ ಹಾಕಿದ ಹಾಗೆ.

ಇನ್ನೊಂದು ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಎಕ್ಸ್‌ಚೇಂಜ್ ನಿಮ್ಮ ಪುಟವನ್ನು ತನ್ನ ಪುಟದೊಳಗಿನ ಫ್ರೇಮ್‌ನಲ್ಲಿ ತೋರಿಸುತ್ತದೆ. ಈಗಿನ ಎಷ್ಟೋ ಸೈಟ್‌ಗಳು ಬೇರೆಯವರ ಫ್ರೇಮ್‌ನಲ್ಲಿ ತೆರೆಯುವುದೇ ಇಲ್ಲ. ಹೋಸ್ಟಿಂಗ್‌ನವರೋ ಸೆಕ್ಯೂರಿಟಿ ಪ್ಲಗಿನ್ನೋ ಎಕ್ಸ್-ಫ್ರೇಮ್-ಆಪ್ಶನ್ಸ್ ಅನ್ನುವ ಹೆಡರ್, ಅಂದರೆ ಪುಟದ ಜೊತೆ ಬ್ರೌಸರ್‌ಗೆ ಹೋಗುವ ಸೂಚನೆ, ಹಾಕಿರುತ್ತದೆ. ಕ್ಲಿಕ್‌ಜ್ಯಾಕಿಂಗ್ (ನಿಮ್ಮ ಪುಟವನ್ನು ಬೇರೆ ಪುಟದಲ್ಲಿ ಅಡಗಿಸಿ ಜನರಿಂದ ಗೊತ್ತಿಲ್ಲದೆ ಕ್ಲಿಕ್ ಮಾಡಿಸುವ ಮೋಸ) ತಡೆಯುವುದಕ್ಕೆ ಅದು ಬೇಕೇ ಬೇಕು. ಎಕ್ಸ್‌ಚೇಂಜ್ ಸಲುವಾಗಿ ಮುಖ್ಯ ಸೈಟಿನಿಂದ ಅದನ್ನು ತೆಗೆಯಬಾರದು. ನಾನು ಸ್ಪ್ಲಾಶ್ ಪೇಜನ್ನು ಬೇರೆ ಸಬ್‌ಡೊಮೇನ್‌ನಲ್ಲಿ ಇಟ್ಟು, ಅಲ್ಲಿ ಮಾತ್ರ ಆ ಹೆಡರ್ ಹಾಕಲಿಲ್ಲ. ಅಲ್ಲಿ ಲಾಗಿನ್ ಇಲ್ಲ, ಫಾರಂ ಇಲ್ಲ, ಕದಿಯಲು ಏನೂ ಇಲ್ಲ. ಬಟನ್ ಒತ್ತಿದರೆ ಸಲಕರಣೆ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ. ಅದೇ ಫ್ರೇಮ್ ಒಳಗೆ ತೆರೆಯಲು ಹೋದರೆ ಖಾಲಿ ಪೆಟ್ಟಿಗೆ ಕಾಣುತ್ತದೆ ಅಷ್ಟೇ.

ಜಾಹೀರಾತಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಇರುವ ಯಾವ ಪುಟವನ್ನೂ ಎಕ್ಸ್‌ಚೇಂಜ್‌ಗೆ ಹಾಕಬೇಡಿ. ದುಡ್ಡಿಗೋ ವಿನಿಮಯಕ್ಕೋ ಕ್ಲಿಕ್ ಮತ್ತು ನೋಟ ಹುಟ್ಟಿಸುವ ಸೇವೆಗಳನ್ನು, ಕಂಪ್ಯೂಟರ್ ತಾನಾಗಿಯೇ ಪುಟ ತಿರುಗಿಸುವ ಆಟೊಸರ್ಫ್ ಸಮೇತ, ಗೂಗಲ್ ತನ್ನ ನಿಯಮಗಳಲ್ಲಿ ಹೆಸರು ಹಿಡಿದೇ ಬೇಡ ಅಂದಿದೆ. ಖಾತೆ ಹೋದರೆ ವಾಪಸ್ ಪಡೆಯುವುದು ಸುಲಭವಲ್ಲ. ನನ್ನ ಕನ್ನಡ ಸೈಟಿನಲ್ಲಿ ಜಾಹೀರಾತು ಇದೆ, ಅದನ್ನು ದೂರ ಇಟ್ಟಿದ್ದಕ್ಕೆ ಇದೂ ಒಂದು ಕಾರಣ. ಯೂಟ್ಯೂಬ್ ವಿಡಿಯೊ ಹಾಕಿ ವ್ಯೂ ಏರಿಸುವುದೂ ಬೇಡ, ಅವರ ನಿಯಮವೂ ಹೀಗೇ ಇದೆ. ಆಟೊಸರ್ಫ್‌ಗೆ ನಾನು ಸೇರಲೇ ಇಲ್ಲ. ಅಲ್ಲಿ ನೋಡುವ ಮನುಷ್ಯನೇ ಇರುವುದಿಲ್ಲ, ಮತ್ತೆ ಯಾರಿಗೆ ತೋರಿಸುವುದು?

ಸಮಯದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದಕ್ಕೆ ಒಂದು ಅನುಪಾತ, 15 ಸೆಕೆಂಡ್ ಟೈಮರ್ ಅಂದುಕೊಳ್ಳಿ. ಸಾವಿರ ಜನರಿಗೆ ಪುಟ ತೋರಿಸಬೇಕಾದರೆ ನೀವು 4 ಗಂಟೆ 10 ನಿಮಿಷ ಕೂರಬೇಕು. ಎರಡು ನೋಡಿದರೆ ಒಂದು ಸಿಗುವ ಕಡೆ ಅದು 8 ಗಂಟೆ 20 ನಿಮಿಷ. ಆದ್ದರಿಂದ ನನಗೆ ಒಂದೊಂದು ಕ್ರೆಡಿಟ್ಟೂ ಮುಖ್ಯ. ರಾತ್ರಿ ಊಟ ಆದ ಮೇಲೆ ಸ್ವಲ್ಪ ಹೊತ್ತು ಕೂತು ಕ್ರೆಡಿಟ್ ಕೂಡಿಸುತ್ತಿದ್ದೆ, ಅದನ್ನು ತಲೆಬರಹಗಳ ಪರೀಕ್ಷೆಗೆ ಮಾತ್ರ ಖರ್ಚು ಮಾಡುತ್ತಿದ್ದೆ.

ನನ್ನ ಮಟ್ಟಿಗೆ ನಿಜವಾದ ಲಾಭ ಸಿಕ್ಕಿದ್ದು ಈ ಪರೀಕ್ಷೆಯಲ್ಲೇ. ಫೋಟೊ ಒಂದೇ, ಬಟನ್ ಒಂದೇ, ಮೇಲಿನ ಸಾಲು ಮಾತ್ರ ಬೇರೆ ಇರುವ ಪುಟಗಳನ್ನು ಮಾಡಿ, ಒಂದಾದ ಮೇಲೊಂದು ಪುಟ ತೋರಿಸುವ ರೊಟೇಟರ್‌ನಲ್ಲಿ ಸಮವಾಗಿ ಬಿಟ್ಟೆ. ಪ್ರತಿ ಬಟನ್ನಿನ ಕೊಂಡಿಗೂ ಬೇರೆ ಯುಟಿಎಂ ಗುರುತು, ಅಂದರೆ ವಿಳಾಸದ ಕೊನೆಗೆ ಸೇರಿಸುವ ಪದಗಳು. ಯಾವ ಎಕ್ಸ್‌ಚೇಂಜ್, ಯಾವ ಪುಟ ಅಂತ ಆ ಗುರುತಿನಲ್ಲೇ ಗೊತ್ತಾಗುತ್ತದೆ. ‘ಉಚಿತ’ ಅನ್ನುವ ಸಾಲು ಗೆಲ್ಲಬಹುದು ಅಂತ ಯಾರಿಗೂ ಅನ್ನಿಸುತ್ತದೆ ಅಲ್ವಾ? ಗೆಲ್ಲಲಿಲ್ಲ. ಆ ಕಡೆಯವರು ದಿನಕ್ಕೆ ನೂರಾರು ‘ಉಚಿತ’ ನೋಡಿರುತ್ತಾರೆ. ಗೆದ್ದದ್ದು ‘ನಿಮ್ಮ ಫೋಟೊ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗಲ್ಲ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ಅದನ್ನೇ ತೆಗೆದುಕೊಂಡು ಸಲಕರಣೆಯ ಮುಖಪುಟದ ಮೇಲ್ಗಡೆ ಹಾಕಿದೆ. ಹುಡುಕಾಟದಿಂದ ಬರುವವರಿಗೂ ಅದು ಹಿಡಿಸಿತು.

ಅಂಕಿಅಂಶ ಓದುವಾಗ ಹುಷಾರಾಗಿರಬೇಕು. ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ 4ರಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತ ಭೇಟಿ ಎಂಗೇಜ್ಡ್ ಸೆಷನ್ (ಆಸಕ್ತಿಯ ಭೇಟಿ) ಅಂತ ಲೆಕ್ಕಕ್ಕೆ ಬರುತ್ತದೆ. ಎಕ್ಸ್‌ಚೇಂಜ್‌ನ 15 ಸೆಕೆಂಡ್ ಭೇಟಿ ಆ ಗೆರೆಯನ್ನು ಆರಾಮಾಗಿ ದಾಟಬಹುದು. ರಿಪೋರ್ಟ್ ನೋಡಿದರೆ ಜನ ಮನಸಿಟ್ಟು ಓದುತ್ತಿದ್ದಾರೆ ಅನ್ನಿಸುತ್ತದೆ, ಅಸಲಿಗೆ ಟೈಮರ್ ಅವರನ್ನು ಹಿಡಿದಿಟ್ಟಿರುತ್ತದೆ. ಆ ಗೆರೆಯನ್ನು 60 ಸೆಕೆಂಡ್‌ವರೆಗೆ ಏರಿಸಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶ ಇದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸ್ಪ್ಲಾಶ್ ಪೇಜ್‌ಗಳಿಗೆ ಅನಲಿಟಿಕ್ಸ್‌ನಲ್ಲಿ ಪ್ರತ್ಯೇಕ ಪ್ರಾಪರ್ಟಿ, ಅಂದರೆ ಬೇರೆ ಲೆಕ್ಕದ ಖಾನೆ, ಮಾಡಿದೆ, ಮುಖ್ಯ ಸೈಟಿನ ಲೆಕ್ಕ ಕೆಡಬಾರದು ಅಂತ. ನಾನು ನೋಡುವುದು ಎರಡೇ: ಬಟನ್ ಒತ್ತಿದವರು ಎಷ್ಟು, ಒತ್ತಿದ ಮೇಲೆ ಒಂದಾದರೂ ಫೋಟೊ ಹಾಕಿದವರು ಎಷ್ಟು. ಸಾವಿರ ನೋಟಕ್ಕೆ ಫೋಟೊ ಹಾಕುವವರು ಬೆರಳೆಣಿಕೆ. ಅಷ್ಟೇ ಸಾಕು ನನಗೆ. ಅವರು ನಿಜವಾದ ಬಳಕೆದಾರರು. ಅವರಲ್ಲೊಬ್ಬ ಬ್ರೆಜಿಲ್‌ನಿಂದ ಮೇಲ್ ಹಾಕಿ, ಒಂದೇ ಸಲ ಇಪ್ಪತ್ತು ಮೂವತ್ತು ಫೋಟೊ ಹಾಕುವ ಹಾಗಿದ್ದರೆ ಚೆನ್ನಾಗಿತ್ತು ಅಂದ. ಅದನ್ನು ಸೇರಿಸಿದೆ. ಈಗ ಜನ ಜಾಸ್ತಿ ಬಳಸುವುದು ಅದನ್ನೇ.

ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವುದಕ್ಕೆ ಈ ಭೇಟಿಗಳಿಂದ ಏನೂ ಆಗಲಿಲ್ಲ. ಹುಡುಕಾಟದಲ್ಲಿ ಸೈಟ್ ಹೇಗಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಗೆರೆ ಇದ್ದ ಹಾಗೇ ಇತ್ತು. ಯಾರಾದರೂ ‘ಟ್ರಾಫಿಕ್ ತಂದರೆ ರ‍್ಯಾಂಕ್ ಏರುತ್ತದೆ’ ಅಂತ ಪ್ಯಾಕೇಜ್ ಮಾರಲು ಬಂದರೆ ಕೈಮುಗಿದು ಕಳಿಸಿ.

ಬೇರೆಯವರ ಪುಟ ನೋಡುವಾಗಲೂ ಜಾಗ್ರತೆ ಬೇಕು. ಸರ್ಫ್ ಮಾಡುವುದಕ್ಕೆಂದೇ ನಾನು ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಇಟ್ಟಿದ್ದೇನೆ. ಅದರಲ್ಲಿ ಬ್ಯಾಂಕ್ ಇಲ್ಲ, ಮೇಲ್ ಇಲ್ಲ, ಉಳಿಸಿದ ಪಾಸ್‌ವರ್ಡ್ ಇಲ್ಲ, ನೋಟಿಫಿಕೇಶನ್ ಪೂರ್ತಿ ಬಂದ್. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಅನ್ನುವ ಪುಟಗಳು ಬರುತ್ತವೆ, ಟ್ಯಾಬ್ ಮುಚ್ಚಿ ಮುಂದೆ ಹೋಗಿ. ದುಡ್ಡು ಎರಡರಷ್ಟು ಮಾಡುವ ಪುಟಗಳು, ಜನರನ್ನು ಸೇರಿಸಿದರೆ ಕಮಿಷನ್ ಅನ್ನುವ ಪುಟಗಳು ರಾಶಿ ರಾಶಿ. ಹೊಸಬರನ್ನು ಸೇರಿಸಿದ್ದಕ್ಕೇ ದುಡ್ಡು ಹಂಚುವ ಸ್ಕೀಮ್‌ಗಳನ್ನು ನಮ್ಮ ದೇಶದಲ್ಲಿ 1978ರ ಕಾಯ್ದೆ ನಿಷೇಧಿಸಿದೆ. ಇಂಥದ್ದಕ್ಕೆ ದುಡ್ಡು ಹಾಕುವುದಿರಲಿ, ಅದರ ಕೊಂಡಿಯನ್ನು ಹಂಚಲೂ ಹೋಗಬೇಡಿ. ಅಂಥ ಪುಟ ಕಂಡಾಗ ನಾನು ಎಕ್ಸ್‌ಚೇಂಜ್‌ನ ರಿಪೋರ್ಟ್ ಬಟನ್ ಒತ್ತುತ್ತೇನೆ. ಒಳ್ಳೆ ಎಕ್ಸ್‌ಚೇಂಜ್‌ಗಳು ಅದನ್ನು ನೋಡಿ ತೆಗೆಯುತ್ತವೆ. ತೆಗೆಯದಿದ್ದರೆ ಆ ಎಕ್ಸ್‌ಚೇಂಜ್ ಬಿಟ್ಟುಬಿಡುತ್ತೇನೆ.

ಈಗ ದಿನಾ ಸರ್ಫ್ ಮಾಡುವುದಿಲ್ಲ. ಸಲಕರಣೆಗೆ ಹೊಸದೇನಾದರೂ ಸೇರಿಸಿದಾಗ ಎರಡು ಮೂರು ತಲೆಬರಹ ಬರೆದು, ಒಂದು ವಾರ ಕ್ರೆಡಿಟ್ ಕೂಡಿಸಿ, ಪುಟಗಳನ್ನು ಬಿಡುತ್ತೇನೆ. ಉತ್ತರ ಸಿಕ್ಕ ಮೇಲೆ ನಿಲ್ಲಿಸುತ್ತೇನೆ. ಕನ್ನಡದ ಸೈಟಿಗೆ ದಾರಿಯೇ ಬೇರೆ. ಅಲ್ಲಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಓದುವವರು ಅಲ್ಲಿಂದಲೇ ಬರುತ್ತಾರೆ.